ಸಮಾನತೆಗೆ ದುಡಿದವರನ್ನು ಗುರುತಿಸುವುದು ಹೇಗೆ?

ಪ್ರಶಸ್ತಿ ಕೊಡುವುದು ಸುಲಭ. ಒಂದು ಫಲಕ, ಒಂದು ವೇದಿಕೆ, ನಾಲ್ಕು ಫೋಟೊ ಇದ್ದರೆ ಮುಗೀತು. ಯಾರಿಗೆ ಕೊಡಬೇಕು ಅನ್ನುವುದೇ ತಲೆನೋವು. ಮಾರ್ಚ್ 8ರ ಮಹಿಳಾ ದಿನ ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಸಭೆ ಸೇರುತ್ತೇವೆ. ಎಲ್ಲರಿಗೂ ಗೊತ್ತಿರುವ, ಯಾರೂ ತಕರಾರು ಎತ್ತದ ಒಂದು ಹೆಸರನ್ನು ಆರಿಸಿ ಕೈತೊಳೆದುಕೊಳ್ಳುತ್ತೇವೆ. ನಿಜಕ್ಕೂ ಕೆಲಸ ಮಾಡಿದವರು ಆ ದಿನ ಕುರ್ಚಿ ಜೋಡಿಸುತ್ತಿರುತ್ತಾರೆ.

ನಿಮ್ಮ ಸಂಘ, ಶಾಲೆ, ಕಚೇರಿ ಅಥವಾ ಬಡಾವಣೆಯಲ್ಲಿ ಹೆಣ್ಣು-ಗಂಡು ಸಮಾನತೆಗಾಗಿ ದುಡಿದವರನ್ನು ಗೌರವಿಸುವ ಯೋಚನೆ ಇದೆಯಾ? ಹಾಗಾದರೆ ಕಾರ್ಯಕ್ರಮಕ್ಕಿಂತ ಮೂರು ತಿಂಗಳು ಮೊದಲೇ ಕೆಲಸ ಶುರು ಮಾಡಿ. ಹೆಚ್ಚು ಸಮಯ ಬೇಕಾಗುವುದು ಹುಡುಕುವುದಕ್ಕೆ ಮತ್ತು ಬರೆಯುವುದಕ್ಕೆ.

ಮೊದಲು ಅಳತೆಗೋಲು ಗಟ್ಟಿ ಮಾಡಿಕೊಳ್ಳಿ

ಹೆಸರುಗಳ ಬಗ್ಗೆ ಮಾತಾಡುವ ಮೊದಲು ಒಂದೇ ಒಂದು ಪ್ರಶ್ನೆಗೆ ಒಪ್ಪಿಗೆ ಪಡೆಯಿರಿ: ಇವರಿಂದ ಏನು ಬದಲಾಯಿತು? ಎಷ್ಟು ವರ್ಷ ದುಡಿದರು, ಎಷ್ಟು ಹುದ್ದೆ ಹಿಡಿದರು ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ಹೆಣ್ಣುಮಕ್ಕಳಿಗೆ ಸಿಗದ ಯಾವುದೋ ಅವಕಾಶ ಈಗ ಸಿಗುತ್ತಿದೆಯಾ? ನಿರ್ಧಾರ ಮಾಡುವ ಜಾಗದಲ್ಲಿ ಅವರು ಕೂರುತ್ತಿದ್ದಾರಾ? ಒಂದೇ ಕೆಲಸಕ್ಕೆ ಒಂದೇ ಕೂಲಿ ಬರುತ್ತಿದೆಯಾ? ಇಂಥ ಒಂದು ಬದಲಾವಣೆಯಾದರೂ ಕಣ್ಣಿಗೆ ಕಾಣಬೇಕು.

ಸಾಧಕಿಗೆ ಕೊಡುವ ಪ್ರಶಸ್ತಿ ಬೇರೆ, ಸಮಾನತೆಗೆ ದುಡಿದವರಿಗೆ ಕೊಡುವುದು ಬೇರೆ. ದೊಡ್ಡ ಉದ್ಯಮ ಕಟ್ಟಿದ ಹೆಂಗಸು ಸಾಧಕಿಯೇ, ಸಂಶಯವಿಲ್ಲ. ಆದರೆ ಅವರ ಸಂಸ್ಥೆಯಲ್ಲಿ ಬೇರೆ ಹೆಂಗಸರಿಗೆ ದಾರಿ ತೆರೆದಿದೆಯಾ ಅಂತ ಕೇಳಬೇಕಾದದ್ದು ಈ ಪ್ರಶಸ್ತಿ. ಎರಡನ್ನೂ ಬೆರೆಸಿದರೆ ಪ್ರತಿ ವರ್ಷ ಯಶಸ್ವಿ ಮಹಿಳೆಯರ ಪಟ್ಟಿಯೇ ತಯಾರಾಗುತ್ತದೆ.

ಗಂಡಸರ ವಿಷಯಕ್ಕೂ ಬರೋಣ. ಅವರನ್ನು ಹೊರಗಿಡುವುದು ಬೇಡ. ಆದರೆ ತನ್ನ ಮಗುವಿಗೆ ತಾನೇ ಊಟ ಮಾಡಿಸುವ ಅಪ್ಪನಿಗೆ ಪ್ರಶಸ್ತಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅದನ್ನೇ ಅಮ್ಮ ದಿನಾ ಮಾಡಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಅಲ್ವಾ? ಕೆಲಸದ ಜಾಗದಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಆಗುವವರೆಗೂ ಬಿಡದೆ ಬೆನ್ನು ಹತ್ತಿದ ಮೇಸ್ತ್ರಿ ಸಿಕ್ಕರೆ ಅವರ ಹೆಸರನ್ನು ಖಂಡಿತ ಬರೆದುಕೊಳ್ಳಿ.

ಹೆಸರು ಹುಡುಕುವ ಕೆಲಸ

ಇಲ್ಲೇ ಹೆಚ್ಚು ಬೆವರು ಸುರಿಸಬೇಕು. 'ಸಮಾನತೆಗೆ ದುಡಿದವರ ಹೆಸರು ಕಳಿಸಿ' ಅಂತ ಸೂಚನಾ ಫಲಕದಲ್ಲಿ ಹಾಕಿದರೆ ಬರುವುದು ಭಾಷಣ ಮಾಡುವವರ ಹೆಸರು. ಕೆಲಸ ಮಾಡುವವರಲ್ಲಿ ಬಹಳ ಜನ ಅದನ್ನು ಸಮಾನತೆಯ ಕೆಲಸ ಎಂದು ಕರೆಯುವುದೇ ಇಲ್ಲ. ಕೀನ್ಯಾದ ವಂಗಾರಿ ಮಾಥಾಯ್ 1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ ಶುರು ಮಾಡಿದಾಗ ನೋಡುವವರಿಗೆ ಕಂಡಿದ್ದು ಗಿಡ ನೆಡುವ ಹಳ್ಳಿ ಹೆಂಗಸರು ಮಾತ್ರ. ಆದರೆ ಬದುಕಿದ ಪ್ರತಿ ಸಸಿಗೂ ಅವರ ಕೈಗೆ ಸಣ್ಣ ಮೊತ್ತ ಬರುತ್ತಿತ್ತು. ಹೆಂಗಸರು ಗುಂಪು ಕಟ್ಟಿದರು, ಸಸಿಮಡಿ ನಡೆಸಿದರು, ಅಧಿಕಾರಿಗಳ ಎದುರು ನಿಂತು ಮಾತಾಡಿದರು. ಮಾಥಾಯ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು 2004ರಲ್ಲಿ.

ಅದಕ್ಕೇ ಪ್ರಶ್ನೆಯನ್ನು ತಿರುಗಿಸಿ ಕೇಳಿ. 'ನಿಮಗೆ ಕಷ್ಟ ಬಂದಾಗ ಮೊದಲು ಯಾರ ಹತ್ತಿರ ಹೋಗುತ್ತೀರಿ?' 'ಮಗಳ ಓದು ನಿಲ್ಲಿಸುವ ಮಾತು ಬಂದಾಗ ಯಾರು ಅಡ್ಡ ನಿಂತರು?' 'ಸಭೆಯಲ್ಲಿ ನಿಮ್ಮ ಪರವಾಗಿ ಯಾರು ಬಾಯಿಬಿಟ್ಟರು?' ಈ ಪ್ರಶ್ನೆಗಳನ್ನು ಅಧ್ಯಕ್ಷರಿಗೆ ಕೇಳಿದರೆ ಪ್ರಯೋಜನವಿಲ್ಲ. ಕಸ ಗುಡಿಸುವವರು, ದಾದಿಯರು, ಅಂಗವಿಕಲ ಹೆಣ್ಣುಮಕ್ಕಳು, ಕಾಲೇಜಿನ ಹುಡುಗಿಯರು, ವಿಧವೆಯರು, ಲಿಂಗತ್ವ ಅಲ್ಪಸಂಖ್ಯಾತರು ಹೀಗೆ ಬೇರೆ ಬೇರೆಯವರನ್ನು ಬಿಡಿಬಿಡಿಯಾಗಿ ಕೇಳಿ. ಒಂದೇ ಹೆಸರು ಮೂರು ನಾಲ್ಕು ಕಡೆಯಿಂದ ಬಂದರೆ ಅಲ್ಲಿ ಏನೋ ಇದೆ ಎಂದೇ ಅರ್ಥ. ಓದು ಬರಹ ಬಾರದವರು ಬಾಯಲ್ಲೇ ಹೇಳಲಿ, ನೀವು ಬರೆದುಕೊಳ್ಳಿ.

ಒಬ್ಬರ ಹೆಸರೇ ಬರಬೇಕೆಂದಿಲ್ಲ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್‌ನ ಸುಮಾರು ಶೇ 90ರಷ್ಟು ಹೆಂಗಸರು ಕಚೇರಿ ಕೆಲಸವನ್ನೂ ಮನೆಗೆಲಸವನ್ನೂ ಬಿಟ್ಟು ಒಂದು ದಿನ ರಜೆ ಹಾಕಿದರು. ಮರುವರ್ಷವೇ ಅಲ್ಲಿ ಸಮಾನ ಹಕ್ಕುಗಳ ಕಾನೂನು ಬಂತು. ಅದರ ಕೀರ್ತಿಯನ್ನು ಒಬ್ಬರಿಗೆ ಹೇಗೆ ಕೊಡುತ್ತೀರಿ? ನಿಮ್ಮಲ್ಲೂ ಗುಂಪಾಗಿ ಮಾಡಿದ ಕೆಲಸವಿದ್ದರೆ ಗುಂಪನ್ನೇ ಕರೆಯಿರಿ.

ಕೆಲಸ ಯಾರದು, ಹೆಸರು ಯಾರದು?

ಹೆಸರು ಸಿಕ್ಕ ಮೇಲೆ ಪರಿಶೀಲನೆ. 1903ರ ಭೌತವಿಜ್ಞಾನ ನೊಬೆಲ್‌ಗೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯಿಂದ ಹೋದ ಶಿಫಾರಸಿನಲ್ಲಿ ವಿಜ್ಞಾನಿಗಳಾದ ಪಿಯರ್ ಕ್ಯೂರಿ ಮತ್ತು ಬೆಕೆರೆಲ್ ಹೆಸರಿತ್ತು, ಪಿಯರ್ ಜೊತೆಗೇ ಸಂಶೋಧನೆ ಮಾಡಿದ್ದ ಅವರ ಹೆಂಡತಿ ಮೇರಿ ಕ್ಯೂರಿಯ ಹೆಸರಿರಲಿಲ್ಲ. ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ ಈ ಸುದ್ದಿಯನ್ನು ಪಿಯರ್ ಕಿವಿಗೆ ಹಾಕಿದರು. ತಮ್ಮನ್ನು ಪರಿಗಣಿಸುವುದಾದರೆ ಮೇರಿಯನ್ನೂ ಜೊತೆಗೆ ಪರಿಗಣಿಸಬೇಕು ಎಂದು ಪಿಯರ್ ಪತ್ರ ಬರೆದ ಮೇಲೆ ಮೇರಿ ಹೆಸರು ಸೇರಿತು. ನೊಬೆಲ್‌ನಲ್ಲೇ ಹೀಗಾದರೆ ನಮ್ಮ ಸಣ್ಣ ಸಮಿತಿಯಲ್ಲಿ ಆಗದೇ ಇರುತ್ತದಾ? ಮುಖಂಡರ ಹೆಸರು ಬಂದ ಕಡೆಯೆಲ್ಲ 'ಇದನ್ನು ದಿನಾ ನಿಂತು ಮಾಡಿಸಿದವರು ಯಾರು?' ಎಂದು ಕೇಳಿ. ಹಾಗೆಯೇ ಅವರ ಕೈಕೆಳಗೆ ಕೆಲಸ ಮಾಡುವ ಹೆಂಗಸರನ್ನೂ ಗುಟ್ಟಾಗಿ ವಿಚಾರಿಸಿ. ವೇದಿಕೆಯಲ್ಲಿ ಸಮಾನತೆ, ಕಚೇರಿಯಲ್ಲಿ ಗದರಿಕೆ ಅನ್ನುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಒಪ್ಪಿಗೆ ಕೇಳದೆ ಹೆಸರು ಹೊರಗೆ ಬಿಡಬೇಡಿ

ಇದನ್ನು ಮಾತ್ರ ಯಾವ ಕಾರಣಕ್ಕೂ ಮರೆಯುವಂತಿಲ್ಲ. ಪಾಕಿಸ್ತಾನದ ಶಾಲಾ ಹುಡುಗಿ ಮಲಾಲಾ ಯೂಸುಫ್‌ಝೈ 2009ರಲ್ಲಿ ಬಿಬಿಸಿ ಉರ್ದುಗೆ ದಿನಚರಿ ಬರೆದದ್ದು 'ಗುಲ್ ಮಕಾಯ್' ಎಂಬ ಹೆಸರಿನಲ್ಲಿ. ಹೆಣ್ಣುಮಕ್ಕಳ ಶಾಲೆಯ ಪರ ಮಾತಾಡುವುದೇ ಅಲ್ಲಿ ಪ್ರಾಣಕ್ಕೆ ಕುತ್ತಾಗಿತ್ತು. ಹೆಸರು ಹೊರಬಿದ್ದ ಮೇಲೆ, 2012ರಲ್ಲಿ, ತಾಲಿಬಾನಿಗಳು ಅವರ ಮೇಲೆ ಗುಂಡು ಹಾರಿಸಿದರು. ನಮ್ಮ ಸುತ್ತಲಿನ ಅಪಾಯ ಅಷ್ಟು ದೊಡ್ಡದಿರಲಿಕ್ಕಿಲ್ಲ. ಆದರೂ ಬಾಲ್ಯವಿವಾಹ ನಿಲ್ಲಿಸಿದವರಿಗೆ, ಕಿರುಕುಳದ ದೂರಿಗೆ ಸಾಕ್ಷಿ ಹೇಳಿದವರಿಗೆ ಶತ್ರುಗಳು ಇದ್ದೇ ಇರುತ್ತಾರೆ. ಫೋಟೊ ಬೇಡವೇ, ಹೆಸರು ಬೇಡವೇ, ಖಾಸಗಿಯಾಗಿ ಒಂದು ಪತ್ರ ಕೊಟ್ಟರೆ ಸಾಕೇ ಎಂದು ಕೇಳಿ. ಬೇಡ ಅಂದರೆ ಸುಮ್ನೆ ಒಪ್ಪಿಕೊಳ್ಳಿ. ಅವರು ನೆರವಾದ ಹೆಣ್ಣುಮಗಳ ಕಥೆಯನ್ನು ಹೇಳುವುದಿದ್ದರೆ ಆಕೆಯ ಒಪ್ಪಿಗೆಯೂ ಬೇಕು.

ಪರಿಚಯ ಬರೆಯುವ ಬಗೆ

ಹೆಚ್ಚಿನ ಪರಿಚಯ ಪತ್ರಗಳು ಹೀಗಿರುತ್ತವೆ: 'ಸದಾ ನಗುಮುಖದ, ತ್ಯಾಗಮಯಿಯಾದ ಇವರು ಮಹಿಳೆಯರ ಪಾಲಿನ ಆಶಾಕಿರಣ.' ಓದಿದವರಿಗೆ ಏನು ತಿಳಿಯಿತು? ಏನೂ ಇಲ್ಲ. ಈಗ ಇದನ್ನು ನೋಡಿ: 'ಶಾಲಾ ಸಮಿತಿಯ ಸಭೆ ರಾತ್ರಿ 8ಕ್ಕೆ ನಡೆಯುತ್ತಿತ್ತು. ತಾಯಂದಿರು ಬರುತ್ತಿರಲಿಲ್ಲ. ಇವರು ಎರಡು ಸಭೆಗಳಲ್ಲಿ ಪಟ್ಟು ಹಿಡಿದು ಸಮಯವನ್ನು ಮಧ್ಯಾಹ್ನ 3ಕ್ಕೆ ಬದಲಾಯಿಸಿದರು. ಮೊದಲು ಇಬ್ಬರು ತಾಯಂದಿರು ಬರುತ್ತಿದ್ದರು, ಈಗ ಹದಿಮೂರು ಜನ. ಸಮಿತಿಯ ಖಜಾಂಚಿ ಅವರಲ್ಲೊಬ್ಬರು.' ಇದು ನಾನೇ ಹೆಣೆದ ಮಾದರಿ. ಆದರೆ ಮೊದಲು ಹೇಗಿತ್ತು, ಇವರು ಏನು ಮಾಡಿದರು, ಈಗ ಹೇಗಿದೆ ಅನ್ನುವ ಮೂರೂ ಇದರಲ್ಲಿವೆ. ಒಂದು ಪುಟ ಸಾಕು.

ಹೊಗಳುವ ಪದಗಳ ಮೇಲೂ ಕಣ್ಣಿಡಿ. ಅಮೆರಿಕದ ವೈದ್ಯಕೀಯ ಕಾಲೇಜೊಂದಕ್ಕೆ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಇಬ್ಬರು ಸಂಶೋಧಕಿಯರು ಕೂತು ಓದಿ, 2003ರಲ್ಲಿ ಅಧ್ಯಯನ ಪ್ರಕಟಿಸಿದರು. ಹೆಂಗಸರ ಬಗೆಗಿನ ಪತ್ರಗಳು ಚಿಕ್ಕದಾಗಿದ್ದವು. ಅವುಗಳಲ್ಲಿ ಶ್ರಮದ ಮಾತು ಜಾಸ್ತಿ, ಸಂಶೋಧನೆಯ ಮಾತು ಕಡಿಮೆ. ನಿಮ್ಮ ಪತ್ರದಲ್ಲಿ 'ಅಕ್ಕರೆಯ', 'ತಾಳ್ಮೆಯ' ಅಂತ ಬಂದ ಕಡೆ 'ವಾದಿಸಿದರು', 'ಯೋಜನೆ ರೂಪಿಸಿದರು', 'ಹಣ ಹೊಂದಿಸಿದರು' ಅನ್ನುವುದು ನಿಜವಾ ನೋಡಿ. ನಿಜವಾದರೆ ಅದನ್ನೇ ಬರೆಯಿರಿ.

ಆಯ್ಕೆ ಮತ್ತು ಆ ದಿನ

ಆಯ್ಕೆ ಸಮಿತಿಯಲ್ಲಿ ಐದು ಜನ ಇದ್ದರೆ ಸಾಕು. ಹಣ ಕೊಟ್ಟವರು ಅದರಲ್ಲಿ ಬೇಡ. ನೆಂಟರ ಹೆಸರು ಚರ್ಚೆಗೆ ಬಂದರೆ ಎದ್ದು ಹೊರಗೆ ಹೋಗುವ ನಿಯಮ ಇರಲಿ. ಎಲ್ಲರೂ ಮೊದಲು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಮಾತಾಡಲಿ. ಇಲ್ಲವಾದರೆ ಜೋರು ದನಿಯವರದೇ ನಡೆಯುತ್ತದೆ.

ಕಾರ್ಯಕ್ರಮದ ಹೊತ್ತನ್ನು ಗೌರವ ಪಡೆಯುವವರನ್ನು ಕೇಳಿ ನಿಗದಿ ಮಾಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಪ್ರಕಾರ, ಜಗತ್ತಿನಲ್ಲಿ ಸಂಬಳವಿಲ್ಲದೆ ನಡೆಯುವ ಆರೈಕೆ ಕೆಲಸದ ಶೇ 76.2ರಷ್ಟು ಹೊತ್ತು ಹೆಂಗಸರದು. ಸಂಜೆ ಕಾರ್ಯಕ್ರಮ ಇಟ್ಟರೆ ಅವರ ಮನೆಯಲ್ಲಿ ಮಗುವನ್ನೋ ವಯಸ್ಸಾದವರನ್ನೋ ಯಾರು ನೋಡಿಕೊಳ್ಳುತ್ತಾರೆ? ಹೋಗಿಬರುವ ಖರ್ಚು ನೀವೇ ಕೊಡಿ. ಮುಖ್ಯ ಅತಿಥಿಗೆ ಹತ್ತು ನಿಮಿಷ, ಗೌರವ ಪಡೆಯುವವರಿಗೆ ಒಂದು ನಿಮಿಷ ಅನ್ನುವ ಲೆಕ್ಕವನ್ನು ಉಲ್ಟಾ ಮಾಡಿ. ಫಲಕಕ್ಕೆ ಸುರಿಯುವ ದುಡ್ಡನ್ನು ಅವರ ಕೆಲಸಕ್ಕೆ ಬೇಕಾದ್ದಕ್ಕೆ ಹಾಕಬಹುದು. ಒಬ್ಬರಿಗೆ ಕಾನೂನು ಸಲಹೆ ಬೇಕಿರಬಹುದು, ಇನ್ನೊಬ್ಬರಿಗೆ ವಾರಕ್ಕೊಮ್ಮೆ ಸೇರಲು ಒಂದು ಕೋಣೆ ಸಾಕಾಗಬಹುದು. ಏನು ಬೇಕು ಅಂತ ಕೇಳಿದರೆ ಅವರೇ ಹೇಳುತ್ತಾರೆ.

ಆಯ್ಕೆಯಾಗದ ಹೆಸರುಗಳ ಕಡತವನ್ನು ಎಸೆಯಬೇಡಿ. ಹೆಸರು ಕಳಿಸಿದವರಿಗೆ ಎರಡು ಸಾಲು ಬರೆದು ಯಾವ ವಿವರ ಕಡಿಮೆ ಬಿತ್ತು ಎಂದು ತಿಳಿಸಿ. ಮುಂದಿನ ವರ್ಷದ ಸಮಿತಿ ಹೊಸದಾಗಿ ಹುಡುಕುವ ಮೊದಲು ಆ ಕಡತವನ್ನೇ ತೆರೆಯಲಿ.