ಟಕ್ ಅನ್ನುವ ಮೋಟಾರು, ನನ್ನದೇ ಟೇಪು

ನನ್ನ ಕಸುಬು ಪಂಪ್‌ಸೆಟ್ ಮೋಟಾರ್ ಸುತ್ತುವುದು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರು ಬಂದ ಮೇಲೆ ಮೀನುಗಾರರ ದೋಣಿ ಇಂಜಿನ್ನುಗಳೂ ಒಂದೊಂದಾಗಿ ನನ್ನ ಅಂಗಡಿಗೆ ಬರತೊಡಗಿದವು. ಹೋದ ಮಳೆಗಾಲದಲ್ಲಿ, ಜಲಾಶಯ ಪೂರ್ಣಮಟ್ಟ 519.60 ಮೀಟರಿಗೆ ತುಂಬಿ ನಿಂತಿದ್ದಾಗ, ಪರಿಚಯದ ಕಾಕಾ ಒಬ್ಬರು ಬಂದರು. ಅವರದು ಹಳೆಯ ಯಮಹಾ ದೋಣಿ ಇಂಜಿನ್, ಎರಡು ಸ್ಟ್ರೋಕಿನ 40 ಎಚ್‌ಪಿ.

"ಹೊಸಾ ಬ್ಯಾಟರಿನೂ ಹಾಕ್ಸೇನಿ ತಮ್ಮಾ. ಕೀಲಿ ತಿರುವಿದ್ರ ಟಕ್ ಅಂತೈತಿ, ಮುಂದ ಏನೂ ಇಲ್ಲ. ಇಷ್ಟ ದಿನಾ ಹಗ್ಗ ಜಗ್ಗಿ ಚಾಲೂ ಮಾಡ್ತಿದ್ದೆ, ನಿನ್ನಿಯಿಂದ ಅದಕ್ಕೂ ಒಲ್ಲೆ ಅಂತೈತಿ."

ಈ ಮಾತಿನಲ್ಲೇ ಎರಡು ರೋಗ ಇದ್ದವು. ಇಂಥ ಇಂಜಿನ್ನಿನ ಕಿಡಿಗೆ ಬ್ಯಾಟರಿ ಬೇಕಿಲ್ಲ, ಚಕ್ರದ ಮ್ಯಾಗ್ನೆಟ್ಟೇ ಸಾಕು. ಹಗ್ಗ ಜಗ್ಗಿದರೂ ಹತ್ತಲಿಲ್ಲ ಎಂದರೆ ಅದು ಸ್ಟಾರ್ಟರಿನ ತಂಟೆಯಲ್ಲ. ನನಗೆ ಇದು ಹೊಳೆದದ್ದು ಮಾತ್ರ ಆಮೇಲೆ.

ಬ್ಯಾಟರಿಗೆ ಮೀಟರ್ ಹಿಡಿದೆ, 12.6 ವೋಲ್ಟ್, ಅಂದರೆ ಬ್ಯಾಟರಿ ಭರ್ತಿ. ಸುಮ್ಮನೆ ಕೂತ ವೈರಿನಲ್ಲಿ ವೋಲ್ಟ್ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದೇ ಎಳೆ ಉಳಿದ ಕೇಬಲ್ಲೂ ಹನ್ನೆರಡೂವರೆ ತೋರಿಸುತ್ತದೆ. ಕರೆಂಟ್ ಹರಿಯುವಾಗಲೇ ನೋಡಬೇಕು. ಕಾಕಾಗೆ ಕೀಲಿ ತಿರುವಿ ಹಿಡಿಯಲು ಹೇಳಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಸ್ಟಾರ್ಟರಿನ ಬೋಲ್ಟಿಗೆ ಇಟ್ಟೆ. ನಡುದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತದೋ ಅಷ್ಟನ್ನೇ ಮೀಟರ್ ತೋರಿಸುತ್ತದೆ. ಅರ್ಧ ವೋಲ್ಟೂ ಇಲ್ಲ, ಅಂದರೆ ಕೇಬಲ್ಲೂ, ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡೂ ಸರಿ. ಬ್ಯಾಟರಿ ಮೈನಸ್ಸಿಗೂ ಇಂಜಿನ್ನಿನ ಬರಿಮೈಗೂ ಇಟ್ಟಾಗ ಏಳು ವೋಲ್ಟ್! ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಶಕ್ತಿ ಮೈನಸ್ಸಿನ ಕಪ್ಪು ಕೇಬಲ್ಲಿನಲ್ಲೇ ಸೋರುತ್ತಿತ್ತು. ಕೇಬಲ್ ತುದಿಯ ಲಗ್ ಬಿಚ್ಚಿ ರಬ್ಬರ್ ಸೀಳಿದರೆ ನಾಲ್ಕು ಬೆರಳು ಒಳಗಿನವರೆಗೆ ಹಸಿರು ಕಿಲುಬು, ತಾಮ್ರ ಪುಡಿಪುಡಿ. ಅಷ್ಟುದ್ದ ವೆಲ್ಡಿಂಗ್ ಕೇಬಲ್ ತಂದು, ಲಗ್ಗಿಗೆ ಬೆಸುಗೆ ಹಾಕಿ, ಇಂಜಿನ್ನಿನ ಮೈಯನ್ನು ಎಮರಿ ಕಾಗದದಿಂದ ಉಜ್ಜಿ ಬಿಗಿದೆ. ಸ್ಟಾರ್ಟರ್ ಗಿರ್ ಎಂದು ತಿರುಗಿತು. ಪಾಪ, ಕಾಕಾನ ಬ್ಯಾಟರಿ ದುಡ್ಡು ದಂಡ.

ತಿರುಗಿತೇ ಹೊರತು ಹತ್ತಲಿಲ್ಲ. ಪ್ಲಗ್ ಬಿಚ್ಚಿ ಮೈಗೆ ತಾಗಿಸಿಟ್ಟು ನೋಡಿದರೆ ಕಿಡಿ ಇಲ್ಲ. (ಪೆಟ್ರೋಲ್ ಟ್ಯಾಂಕನ್ನು ಮೊದಲೇ ದಡಕ್ಕೆ ಸಾಗಿಸಿದ್ದೆ. ಪ್ಲಗ್ಗಿನ ವೈರನ್ನು ಬರಿಗೈಯಲ್ಲಿ ಹಿಡಿಯುವ ಶೂರತನ ಒಮ್ಮೆ ಮಾಡಿದ್ದೇನೆ, ಇನ್ನೊಮ್ಮೆ ಬೇಡ.)

ಈ ಇಂಜಿನ್ನಿನಲ್ಲಿ ಬಿಳಿ ವೈರ್ ನಿಲ್ಲಿಸುವ ವೈರ್. ಅದು ಕಪ್ಪು ಅರ್ಥಿಂಗಿಗೆ ತಾಗಿದರೆ ಸಿಡಿಐ, ಅಂದರೆ ಕಿಡಿ ಹುಟ್ಟಿಸುವ ಡಬ್ಬಿ, ಕಿಡಿ ಕೊಡುವುದಿಲ್ಲ. ಕೀಲಿ ಆಫ್ ಮಾಡಿದರೂ, ಸೊಂಟಕ್ಕೆ ಕಟ್ಟುವ ಕೆಂಪು ದಾರ ಕಿತ್ತರೂ ಆಗುವುದು ಅದೇ. ಸಿಡಿಐ ಬಳಿ ಬಿಳಿ ವೈರನ್ನು ಕಳಚಿದೆ. ನೀಲಿ ಕಿಡಿ ಚಟಚಟ ಬಂತು. ಸಿಡಿಐ ಬದುಕಿದೆ ಎಂದು ನಿಟ್ಟುಸಿರು ಬಿಟ್ಟೆ. ಆದರೆ ಹೀಗೆ ಕಳಚಿಟ್ಟೇ ಓಡಿಸಬಾರದು: ಕೀಲಿಯಿಂದ ಇಂಜಿನ್ ನಿಲ್ಲುವುದಿಲ್ಲ, ಮನುಷ್ಯ ನೀರಿಗೆ ಬಿದ್ದರೂ ದೋಣಿ ಹೋಗುತ್ತಲೇ ಇರುತ್ತದೆ.

ಮೀಟರನ್ನು ಬೀಪ್‌ಗೆ (ಎರಡು ವೈರ್ ಒಳಗೆ ಕೂಡಿದ್ದರೆ ಕೂಗುತ್ತದೆ) ತಿರುವಿ ಕೀಲಿಯ ಕಡೆ ಹೋಗುವ ಬಿಳಿ ವೈರಿಗೂ ಕಪ್ಪಿಗೂ ಹಚ್ಚಿದೆ. ಕೀಲಿ ಆನ್, ಕೆಂಪು ದಾರ ಜಾಗದಲ್ಲೇ ಇದೆ, ಆದರೂ ಬೀಪ್. ದೋಣಿಯ ಅಂಚಿನಗುಂಟ ಬೆರಳಾಡಿಸುತ್ತ ಹೋದೆ. ಕಬ್ಬಿಣದ ಕ್ಲಿಪ್ಪಿನ ಕೆಳಗೆ ಅಂಟಂಟು ತಾಗಿತು. ಕಪ್ಪು ಇನ್ಸುಲೇಶನ್ ಟೇಪು. ಬಿಸಿಲಿಗೆ ಕರಗಿ ಒಳಗೆ ಬಿಳಿಯೂ ಕಪ್ಪೂ ಒಂದಕ್ಕೊಂದು ಅಂಟಿದ್ದವು.

ಸುತ್ತಿದವನು ನಾನೇ. ಎರಡು ವರ್ಷದ ಹಿಂದೆ ಇದೇ ದೋಣಿಯಲ್ಲಿ, ಸಂಜೆಯಾಯಿತೆಂದು ಅವಸರದಲ್ಲಿ ವೈರ್ ಹೊಸೆದು ಟೇಪು ಸುತ್ತಿ ಕಳಿಸಿದ್ದೆ.

"ಯಾಂವ ಮಾಡ್ಯಾನೋ ಇದನ್ನ!" ಎಂದರು ಕಾಕಾ.

"ನಾನ ಮಾಡೇನ್ರಿ ಕಾಕಾ."

ಅವರು ನಕ್ಕರು, ನನಗೆ ನಗು ಬರಲಿಲ್ಲ. ಎರಡೂ ಜೋಡಣೆಯನ್ನು ಬೆಸುಗೆ ಹಾಕಿ, ಒಳಗೆ ಅಂಟು ಇರುವ ಸ್ಲೀವ್ ಏರಿಸಿ, ಬಿಸಿ ಮಾಡಿ ಕುಗ್ಗಿಸಿದೆ. ಇಂಜಿನ್ ಹತ್ತಿದ ಮೇಲೆ ಬ್ಯಾಟರಿಯಲ್ಲಿ 13.9 ಬಂತು, ಚಾರ್ಜಿಂಗ್ ಸರಿ. ಕೆಂಪು ದಾರ ಕಿತ್ತೆ, ಇಂಜಿನ್ ಗಪ್. ಆಮೇಲೆ ಇಡೀ ದೋಣಿ ಹುಡುಕಿದಾಗ ನನ್ನ ಟೇಪಿನ ಗಂಟು ಇನ್ನೂ ಎರಡು ಸಿಕ್ಕವು. ಕಿತ್ತು ಸರಿಮಾಡಿದೆ. ಅವೆರಡರ ದುಡ್ಡು ಕೇಳಲಿಲ್ಲ.