ನಿದ್ರೆ ಕಾಯಿಲೆ: ಬೆನ್ನಿನ ನೀರು ನೋಡಿ ಹಂತ ಹೇಳುತ್ತಿದ್ದದ್ದು ಹೀಗೆ

ಬಳ್ಳಾರಿ ಲ್ಯಾಬ್‌ಗಳಲ್ಲಿ ಬೆನ್ನಿನ ನೀರು (ಬೆನ್ನುಹುರಿ ಸುತ್ತ ಇರುವ ದ್ರವ, ಸೂಜಿ ಹಾಕಿ ತೆಗೆಯುವುದು) ಬಂತು ಅಂದ್ರೆ ನಮಗೆ ಮೊದಲು ಅನುಮಾನ ಬರುವುದು ಟಿಬಿ ಮೆದುಳು ಜ್ವರದ ಮೇಲೆ. ಬಿಳಿ ಕಣ ಎಣಿಸುವ ಕೆಲಸ ನನಗೆ ಕೈಗೆ ಕೂತಿದ್ದು ಇಲ್ಲೇ. ಆಮೇಲೆ ಒಂದು ವೈದ್ಯಕೀಯ ತಂಡದ ಜೊತೆ ಕಾಂಗೋದ ಬಾಂದುಂದು ಕಡೆ ಹೋದೆ. ಅಲ್ಲಿ ಅದೇ ಎಣಿಕೆ ನಿದ್ರೆ ಕಾಯಿಲೆಗೆ ಬೇಕಾಯಿತು. ಎಣಿಸಿ ಹಂತ ಹೇಗೆ ಹೇಳ್ತಿದ್ರಿ ಅಂತ ಲ್ಯಾಬ್ ಹುಡುಗರು ಕೇಳ್ತಾನೇ ಇರ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. (ಈ ಕಾಯಿಲೆ ಹರಡುವ ತ್ಸೆತ್ಸೆ ನೊಣ ನಮ್ಮ ಕಡೆ ಇಲ್ಲ, ಸುಮ್ನೆ ಹೆದರಬೇಡಿ.)

ಟ್ರಿಪನೊಸೋಮ ಅನ್ನುವ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಲ್ಯಾಬ್ ಮಾತಿನಲ್ಲಿ ಹುಳ ಅಂತಲೇ ಅನ್ನೋಣ. ಮೊದಲ ಹಂತದಲ್ಲಿ ಅದು ರಕ್ತದಲ್ಲಿ, ಕತ್ತಿನ ಗಂಟುಗಳಲ್ಲಿ ಇರುತ್ತದೆ. ಎರಡನೇ ಹಂತದಲ್ಲಿ ಮೆದುಳಿಗೆ ಇಳಿದಿರುತ್ತದೆ. ಹಗಲು ತೂಕಡಿಸಿ ರಾತ್ರಿ ಎದ್ದು ಕೂರುವವರನ್ನು ಕಂಡರೆ ಅನುಮಾನ ಬರುತ್ತದೆ, ನಿಜ. ಆದರೆ ಆರಾಮಾಗಿ ನಡೆದು ಬಂದವರ ಬೆನ್ನಿನ ನೀರಿನಲ್ಲೂ ಹುಳ ಸಿಗುತ್ತದೆ.

ಒಂದು ಮೈಕ್ರೋಲೀಟರ್‌ನಲ್ಲಿ ಬಿಳಿ ಕಣ 5 ದಾಟಬಾರದು, ಹುಳವೂ ಇರಬಾರದು. ಹಾಗಿದ್ದರೆ ಮೊದಲ ಹಂತ, ಪೆಂಟಾಮಿಡಿನ್ ಇಂಜೆಕ್ಷನ್ ಸಾಕಾಗುತ್ತಿತ್ತು. 5 ದಾಟಿತೋ, ಒಂದೇ ಒಂದು ಹುಳ ಕಂಡಿತೋ, ಎರಡನೇ ಹಂತ. ಆಗ 7 ದಿನ ಡ್ರಿಪ್‌ನಲ್ಲಿ ಎಫ್ಲಾರ್ನಿಥಿನ್, 10 ದಿನ ನಿಫರ್ಟಿಮಾಕ್ಸ್ ಮಾತ್ರೆ ಕೊಡುತ್ತಿದ್ದರು. ಅದಕ್ಕೂ ಹಿಂದೆ ಕೊಡುತ್ತಿದ್ದ ಮೆಲಾರ್ಸೊಪ್ರಾಲ್‌ನಲ್ಲಿ ಆರ್ಸೆನಿಕ್ ಇತ್ತು. ಆ ಔಷಧಿಯೇ ಕೆಲವರ ಜೀವ ತೆಗೆಯುತ್ತಿತ್ತು.

ಹೊರಗೆ ತೆಗೆದ ನೀರಿನಲ್ಲಿ ಹುಳ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಹತ್ತು ಹದಿನೈದು ನಿಮಿಷದಲ್ಲಿ ಒಡೆಯಲು ಶುರುವಾಗುತ್ತದೆ. ಹಾಗಾಗಿ ಮೈಕ್ರೋಸ್ಕೋಪನ್ನು ಮಂಚದ ಪಕ್ಕಕ್ಕೇ ಎಳೆದುಕೊಳ್ಳುತ್ತಿದ್ದೆ. ಚೇಂಬರ್ (ಕಣ ಎಣಿಸಲು ಚೌಕ ಗೆರೆ ಹಾಕಿದ ಗಾಜು) ತುಂಬಿಸಿ, ಒದ್ದೆ ಫಿಲ್ಟರ್ ಪೇಪರ್ ಹಾಸಿದ ಪೆಟ್ರಿ ಡಿಶ್‌ನಲ್ಲಿಟ್ಟು ಮುಚ್ಚಳ ಹಾಕುವುದು. ಎರಡು ನಿಮಿಷದಲ್ಲಿ ಕಣ ತಳಕ್ಕೆ ಕೂರುತ್ತವೆ, ನೀರೂ ಆರುವುದಿಲ್ಲ. ಬಳ್ಳಾರಿ ಬಿಸಿಲು ಕಲಿಸಿದ ಬುದ್ಧಿ ಇದು. ನ್ಯೂಬಾವರ್ ಚೇಂಬರ್‌ನ ಒಂಬತ್ತೂ ಚೌಕ ಸೇರಿದರೆ ಬರೀ 0.9 ಮೈಕ್ರೋಲೀಟರ್. ಇಷ್ಟು ಹನಿಯಲ್ಲಿ 4 ಸಿಗುವುದೂ 6 ಸಿಗುವುದೂ ಅದೃಷ್ಟ, ಅಲ್ವಾ? ಗಡಿ ಹತ್ತಿರ ಬಂದರೆ ಮತ್ತೆ ತುಂಬಿಸಿ ಎಣಿಸಿ ಸರಾಸರಿ ಹಿಡಿಯುತ್ತಿದ್ದೆ. 3.2 ಮೈಕ್ರೋಲೀಟರ್ ಹಿಡಿಯುವ ಫುಕ್ಸ್-ರೋಸೆಂಥಾಲ್ ಚೇಂಬರ್ ಸಿಕ್ಕರೆ ಅದೇ ವಾಸಿ. ಉಳಿದ ನೀರನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳ ನೋಡಬೇಕು. ಓಡಾಡುವ ಹುಳ ಅಲ್ಲೇ ಸಿಗುವುದು. ನೀರು ಕೆಂಪಾಗಿದ್ದರೆ ಮಾತ್ರ ಎಣಿಕೆ ನಂಬಬೇಡಿ. ಸೂಜಿ ತಾಗಿ ಬಂದ ರಕ್ತ ಬಿಳಿ ಕಣವನ್ನೂ ಹುಳವನ್ನೂ ಜೊತೆಗೇ ತಂದುಬಿಡುತ್ತದೆ.

ಬೆನ್ನಿಗೆ ಸೂಜಿ ಹಾಕಿದರೆ ಲಕ್ವಾ ಹೊಡೆಯುತ್ತೆ ಅನ್ನುವ ಭಯ ನಮ್ಮ ಸಿರುಗುಪ್ಪ ಕಡೆ ಎಷ್ಟಿದೆಯೋ ಅಲ್ಲೂ ಅಷ್ಟೇ ಇತ್ತು. ಎಷ್ಟೋ ಜನ ಸೂಜಿ ಅಂದ ಕೂಡಲೇ ಎದ್ದು ಹೋಗುತ್ತಿದ್ದರು. ಫೆಕ್ಸಿನಿಡಜೋಲ್ ಮಾತ್ರೆ ಬಂದ ಮೇಲೆ ಈ ಜಗ್ಗಾಟ ಕಡಿಮೆಯಾಯಿತು. 2019ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಪ್ರಕಾರ, ಕಾಂಗೋದಲ್ಲಿ ಕಾಣುವ ಗ್ಯಾಂಬಿಯೆನ್ಸ್ ತಳಿಯ ಕಾಯಿಲೆಯಲ್ಲಿ 6 ವರ್ಷ ತುಂಬಿ, 20 ಕಿಲೋ ತೂಕವಿದ್ದು, ಮೆದುಳು ಜೋರಾಗಿ ಕೆಟ್ಟಿರುವ ಲಕ್ಷಣ ಇಲ್ಲದಿದ್ದರೆ ಬೆನ್ನಿಗೆ ಸೂಜಿ ಹಾಕದೆಯೇ ಇರಬಹುದು. ಊಟದ ಜೊತೆ 10 ದಿನ ಮಾತ್ರೆ, ಮುಗಿಯಿತು. ಲಕ್ಷಣ ಇದ್ದರೆ ಎಣಿಸಬೇಕು. 100 ಅಥವಾ ಜಾಸ್ತಿ ಬಂದರೆ ಮತ್ತೆ ಡ್ರಿಪ್ಪೇ. ಚಿಕ್ಕ ಮಕ್ಕಳಿಗೂ ಸೂಜಿ ತಪ್ಪಿದ್ದಲ್ಲ. ಮಗುವನ್ನು ಬಾಗಿಸಿ ಅಲುಗದಂತೆ ಹಿಡಿಯಲು ಪಳಗಿದ ನರ್ಸ್ ಬೇಕು, ಇಲ್ಲದಿದ್ದರೆ ನೀರು ಕೆಂಪಾಗಿಯೇ ಬರುತ್ತದೆ.