ನಿಷೇಧ ಮುಗಿಸಿ ಬರುವ ಓಟಗಾರರನ್ನು ಮತ್ತೆ ಟ್ರ್ಯಾಕಿಗೆ ಕರೆತರುವುದು ಹೇಗೆ

ಮೊದಲು ಬ್ಯಾಗು ಬಿಚ್ಚಿಸಿ. ನಾನು ಓಟದ ಕೋಚ್. ಡೋಪಿಂಗಿಗೆ, ಅಂದರೆ ನಿಷೇಧಿತ ಔಷಧ ತಗೊಂಡಿದ್ದಕ್ಕೆ, 2 ವರ್ಷದ ನಿಷೇಧ ಬಿದ್ದಿದ್ದ 400 ಮೀಟರ್ ಹುಡುಗಿಯೊಬ್ಬಳು ಬಂದಾಗ ನಾನು ಶುರು ಮಾಡಿದ್ದು ಅಲ್ಲಿಂದಲೇ. ಮೇಜಿನ ಮೇಲೆ ಏಳು ಡಬ್ಬಿ ಸಾಲಾಗಿ ಕೂತವು. ಒಂದಕ್ಕೆ ಲೇಬಲ್ಲೇ ಇರಲಿಲ್ಲ. "ಇದನ್ನ ಕೊಟ್ಟವರು ಯಾರಮ್ಮ?" ಅಂದೆ. ಅವಳು ಮುಚ್ಚಳ ತಿರುಗಿಸುತ್ತಾ ತುಂಬಾ ಹೊತ್ತು ಸುಮ್ನೆ ಕೂತಳು. ಆಮೇಲೆ, "ಹಳೇ ಕೋಚು ಸರ್" ಅಂದಳು.

ಆ ಉತ್ತರಕ್ಕೆ ಅವಸರ ಮಾಡಬೇಡಿ. ಬಂದ ಮೇಲೆ ಮುಚ್ಚಿಡಲೂ ಬೇಡಿ. ಕೊಟ್ಟವರ ಹೆಸರನ್ನು ಡೋಪಿಂಗ್ ತಡೆ ಸಂಸ್ಥೆಗೆ ಹೇಳಿಸಿ, ಜೊತೆಗೆ ನೀವೂ ಹೋಗಿ. ಅದರಿಂದ ಶಿಕ್ಷೆ ಕಡಿಮೆಯಾಗಲಿ ಬಿಡಲಿ, ಅವರ ಕೈಗೆ ಸಿಗಬೇಕಿದ್ದ ಮುಂದಿನ ಮಕ್ಕಳಾದರೂ ಉಳಿಯುತ್ತಾರೆ.

ತಾರೀಖನ್ನು ಸರಿಯಾಗಿ ನೋಡಿಕೊಳ್ಳಿ. ನಿಷೇಧ ಅಂದರೆ ಸ್ಪರ್ಧೆ ಮಾತ್ರ ಅಲ್ಲ, ಕ್ಲಬ್ಬಿನ ತರಬೇತಿಯೂ ಇಲ್ಲ. ಕೊನೆಯ 2 ತಿಂಗಳು ಅಥವಾ ಅವಧಿಯ ಕೊನೆಯ ಕಾಲು ಭಾಗ, ಯಾವುದು ಕಡಿಮೆಯೋ ಅಷ್ಟು ದಿನ ಮಾತ್ರ ತಂಡದ ಜೊತೆ ಅಭ್ಯಾಸ ಮಾಡಬಹುದು. ಅದಕ್ಕೂ ಮೊದಲು "ಒಂದೇ ದಿನ ಅಲ್ವಾ" ಅಂತ ಕರೆಸಿಕೊಂಡರೆ ಅಷ್ಟೇ ಉದ್ದದ ಹೊಸ ನಿಷೇಧ ಸೇರಿಕೊಳ್ಳಬಹುದು. ನೆರವಾದ ಕೋಚಿಗೂ ಶಿಕ್ಷೆ ಇದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಜೊತೆಯ ಓಟಗಾರರದ್ದು. ಅವಳು ಬರುವ ಮೊದಲೇ ಅವರನ್ನು ಕೂರಿಸಿ ಮಾತಾಡಿ. ನಮ್ಮಲ್ಲಿ ಒಬ್ಬಳು ಕೇಳಿದಳು: "ಅವಳಿಂದ ನನಗೆ ಫೈನಲ್ ತಪ್ಪಿಹೋಯ್ತು. ನನ್ನ ಆ ಓಟ ಯಾರು ವಾಪಸ್ ಕೊಡ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ಪ್ರಶ್ನೆಗೆ ಸಮಾಧಾನ ಹೇಳಲು ಹೋಗಬೇಡಿ. ನಿಷೇಧ ಮುಗಿಸಿದವಳೇ ಎದುರು ಕೂತು ಅದನ್ನು ಪೂರ್ತಿ ಕೇಳಿಸಿಕೊಳ್ಳಲಿ. ನಮ್ಮವಳು ಕೇಳಿಸಿಕೊಂಡಳು, ಅತ್ತಳು, ಮಾರನೇ ದಿನ ಎಲ್ಲರಿಗಿಂತ ಮೊದಲು ಬಂದು ಹರ್ಡಲ್‌ಗಳನ್ನು ಜೋಡಿಸಿದಳು. ಕ್ಷಮೆ ಸಿಗಲು ತಿಂಗಳುಗಳೇ ಬೇಕಾದವು. ಸಿಗದಿದ್ದರೂ ಒತ್ತಾಯ ಮಾಡುವ ಹಕ್ಕು ನನಗಿರಲಿಲ್ಲ.

ಬ್ರಿಟನ್ನಿನ ಸೈಕಲ್ ಪಟು ಡೇವಿಡ್ ಮಿಲ್ಲರ್ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. 2004ರಲ್ಲಿ ತಪ್ಪೊಪ್ಪಿಕೊಂಡರು, 2 ವರ್ಷ ಹೊರಗಿದ್ದರು, 2006ರಲ್ಲಿ ಮರಳಿ ಬಂದು ಡೋಪಿಂಗ್ ವಿರುದ್ಧ ಬಾಯಿಬಿಟ್ಟು ಮಾತಾಡಿದರು. ಅಡಗಿಸಿಟ್ಟು ಮರಳಿದವರನ್ನು ಯಾರು ನಂಬುತ್ತಾರೆ?

ಇನ್ನು ದಿನನಿತ್ಯದ ಶಿಸ್ತು. ಡೋಪಿಂಗ್ ಪರೀಕ್ಷೆಯ ಪಟ್ಟಿಯಲ್ಲಿ ಹೆಸರಿದ್ದರೆ ದಿನಕ್ಕೆ 60 ನಿಮಿಷ ಎಲ್ಲಿ ಸಿಗುತ್ತೇವೆ ಅಂತ ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ 3 ಸಲ ತಪ್ಪಿದರೆ ಅದೂ ಡೋಪಿಂಗ್ ಅಪರಾಧವೇ. ಪ್ರತಿ ಭಾನುವಾರ ರಾತ್ರಿ ಒಟ್ಟಿಗೆ ಕೂತು ಆ ವಿವರ ತುಂಬಿ. ನಿಷೇಧಿತ ಔಷಧಗಳ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಕೆಮ್ಮಿನ ಔಷಧಿಯನ್ನೂ ಅದಕ್ಕೆ ತಾಳೆ ನೋಡಿ. ಹಳೇ ಟೈಮಿಂಗ್ ಮಾತ್ರ ಗೋಡೆಯಿಂದ ತೆಗೆದುಬಿಡಿ. ಅದು ಔಷಧದ ಬಲದಿಂದ ಬಂದ ಟೈಮಿಂಗ್.

ಮೊದಲ ಓಟದ ದಿನ ಪರೀಕ್ಷೆಗೆ ಕರೆದರೆ ಜೊತೆಗೆ ಹೋಗಿ, ಒಬ್ಬರಿಗೆ ಅವಕಾಶ ಇರುತ್ತದೆ. 90 ಮಿಲಿಲೀಟರ್ ಮೂತ್ರ ಬೇಕು, ಓಡಿ ಒಣಗಿದ ಮೈಗೆ ಅದು ಬೇಗ ಬರುವುದಿಲ್ಲ. ನೀರಿನ ಬಾಟಲಿಯನ್ನು ಅವಳೇ ಆರಿಸಿಕೊಳ್ಳಲಿ, ಸೀಲ್ ಒಡೆಯದ್ದು.